ಸಂಕಮ್ಮ ಕೊಡದ ಭಾಷೆ

ಮಳವಳ್ಳಿ, ಮದ್ದೂರು ಕಡೆಯವರಿಗೆ ಮಾದಪ್ಪನ ಹಾಡನ್ನು ಯಾರೂ ಕೂರಿಸಿ ಕಲಿಸಬೇಕಾಗಿಲ್ಲ. ಶಿವರಾತ್ರಿಗೋ ಯುಗಾದಿಗೋ ಬೆಟ್ಟಕ್ಕೆ ನಡೆದು ಹೋಗುವವರ ಬಾಯಲ್ಲಿ, ಕಂಸಾಳೆ ಹಿಡಿದು ಮನೆ ಮುಂದೆ ನಿಲ್ಲುವ ದೇವರಗುಡ್ಡರ ಬಾಯಲ್ಲಿ, ಕ್ಯಾಸೆಟ್ಟುಗಳು ಬಂದ ಮೇಲೆ ಮಳವಳ್ಳಿ ಮಹದೇವಸ್ವಾಮಿಯವರ ಕಂಠದಲ್ಲಿ ಅದು ನಮ್ಮ ಕಿವಿಗೆ ಬೀಳುತ್ತಲೇ ಬಂದಿದೆ. ಮಂಟೇಸ್ವಾಮಿ ನೆಲೆಸಿದ ಬೊಪ್ಪಗೌಡನಪುರ ಇರುವುದೂ ಮಳವಳ್ಳಿ ತಾಲ್ಲೂಕಿನಲ್ಲೇ. ನೀಲಗಾರರ ತಂಬೂರಿ, ದೇವರಗುಡ್ಡರ ಕಂಸಾಳೆ ಎರಡನ್ನೂ ಕೇಳಿ ಬೆಳೆದ ನೆಲ ಇದು. ಹಾಗಾಗಿ ಅಂಥ ಹಾಡೊಂದು ಸಿನಿಮಾಕ್ಕೆ ಹೋದರೆ ನಮ್ಮ ಮನೆಯವರೇ ಪರದೆಯ ಮೇಲೆ ಬಂದಷ್ಟು ಖುಷಿಯಾಗುತ್ತದೆ. ಅದೇ ಹಾಡಿನ ಮೇಲೆ ಜಗಳ ಬಂದರೆ ಮನೆಯ ಜಗಳದಂತೆಯೇ ನೋವಾಗುತ್ತದೆ.

‘ಕೋಲುಮಂಡೆ ಜಂಗಮದೇವ’ ಎನ್ನುವ ಹಾಡಿಗೆ ಈ ಎರಡೂ ಆಯಿತು. ಭಿಕ್ಷೆಗೆಂದು ಜಂಗಮನೊಬ್ಬ ಹೆಂಗಸಿನ ಮನೆ ಬಾಗಿಲಿಗೆ ಬರುವ ಜನಪದ ಹಾಡು ಅದು. 1996ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಸಂಗೀತ ನೀಡಿದರು. ಎಲ್.ಎನ್. ಶಾಸ್ತ್ರಿಯವರು ಹಾಡಿದ ಈ ಹಾಡು ಮನೆಮನೆಗೆ ಮುಟ್ಟಿತು. ಅವರಿಗೆ ರಾಜ್ಯ ಪ್ರಶಸ್ತಿಯನ್ನೂ ತಂದುಕೊಟ್ಟಿತು. ಚಿತ್ರದ ಕಥೆ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯದು. ಎಲ್ಲಿಯ ಗುಜರಾತು, ಎಲ್ಲಿಯ ಮಾದಪ್ಪನ ಬೆಟ್ಟ! ಆದರೂ ಹಾಡು ಅಲ್ಲಿ ಹೊಂದಿಕೊಂಡಿತು.

ಇಪ್ಪತ್ತನಾಲ್ಕು ವರ್ಷ ಕಳೆಯಿತು. 2020ರ ಆಗಸ್ಟ್ ತಿಂಗಳಲ್ಲಿ ಚಂದನ್ ಶೆಟ್ಟಿಯವರು ಅದೇ ಹಾಡನ್ನು ರ‍್ಯಾಪ್ ಧಾಟಿಗೆ ತಂದು ವಿಡಿಯೋ ಮಾಡಿದರು. ಹುಡುಗರು ಕುಣಿದರು. ಆದರೆ ಅದರಲ್ಲಿ ಶಿವಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಿದ್ದಾರೆ ಎಂದು ಮಾದಪ್ಪನ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿದರು, ವಿಡಿಯೋ ಹಿಂದಕ್ಕೆ ಹೋಯಿತು. ಅಲ್ಲಿಗೆ ಗಲಾಟೆ ತಣ್ಣಗಾಯಿತು.

ನನಗೆ ತಣ್ಣಗಾಗಲಿಲ್ಲ. ಅಷ್ಟು ದಿನ ಎಲ್ಲರೂ ಸಂಕಮ್ಮನ ಬಟ್ಟೆಯ ಬಗ್ಗೆ ಮಾತಾಡಿದರು, ಮಾನದ ಬಗ್ಗೆ ಮಾತಾಡಿದರು. ಅವಳು ಏನು ಮಾಡಿದಳು ಎಂಬುದನ್ನು ಹೇಳಿದವರು ಕಡಿಮೆ.

ಮಲೆ ಮಹದೇಶ್ವರನ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಒಂದು ದೊಡ್ಡ ಭಾಗ. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಮಕ್ಕಳಾಗಿಲ್ಲ. ಗಂಡ ಬೇಟೆಗೆ, ಜೇನಿಗೆ ಕಾಡಿಗೆ ಹೊರಡಬೇಕು. ಒಬ್ಬಳೇ ಇರುವ ಹೆಂಡತಿಯ ಮೇಲೆ ಅವನಿಗೆ ಅನುಮಾನ. ‘ತಪ್ಪು ಮಾಡುವುದಿಲ್ಲ ಎಂದು ಭಾಷೆ ಕೊಡು’ ಎನ್ನುತ್ತಾನೆ. ಆಕೆ ಕೊಡುವುದಿಲ್ಲ.

ಕೊಟ್ಟುಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವಳು ಮಾಡಿದ ತಪ್ಪೇನೂ ಇರಲಿಲ್ಲ. ಮಾಡುವ ಮನಸ್ಸೂ ಇರಲಿಲ್ಲ. ಕೈ ಮೇಲೆ ಕೈ ಇಟ್ಟು ಒಂದು ಮಾತು ಹೇಳಿದ್ದರೆ ಗಂಡ ಸುಮ್ಮನೆ ಹೋಗುತ್ತಿದ್ದ. ಆದರೆ ಹಾಗೆ ಹೇಳಿದ ಕ್ಷಣವೇ ಅವನ ಅನುಮಾನಕ್ಕೆ ಅರ್ಥವಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಆ ನಿರಾಕರಣೆಗೆ ಅವಳು ಪಟ್ಟ ಪಾಡನ್ನು ಗುಡ್ಡರು ಹಾಡುವಾಗ ಕೇಳುವವರ ಕಣ್ಣು ಒಣಗಿರುವುದಿಲ್ಲ. ಗಂಡ ಹೊಡೆದು, ಕಟ್ಟಿಹಾಕಿ, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಅವಳ ಕೂಗಿಗೆ ಮಾದಪ್ಪ ಜಂಗಮನಾಗಿ ಬಂದು ಬಿಡಿಸುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುವುದು ಹೀಗೆ. ಬಾಗಿಲಿಗೆ ಬಂದು ನಿಂತ ಜಂಗಮ ಎಂದ ಕೂಡಲೇ ನಮ್ಮ ಕಡೆಯ ಭಕ್ತರ ಮನಸ್ಸು ಸಂಕಮ್ಮನ ಕಡೆಗೆ ಹೋಗುವುದಕ್ಕೆ ಇದೇ ಕಾರಣ.

ನಾವು ಶಾಲೆಯಲ್ಲಿ ತಲೆತಲಾಂತರದಿಂದ ಪುಣ್ಯಕೋಟಿಯನ್ನು ಹೇಳಿಕೊಡುತ್ತಿದ್ದೇವೆ. ಭಾಷೆ ಕೊಟ್ಟು, ಕೊಟ್ಟ ಭಾಷೆಗೆ ಪ್ರಾಣ ಕೊಡಲು ಬಂದ ಹಸು ಅದು. ಹೇಳಿಕೊಡಬೇಕಾದ ಕಥೆಯೇ ಸರಿ. ಅದರ ಪಕ್ಕದಲ್ಲೇ, ಕೊಡಬಾರದ ಭಾಷೆಯನ್ನು ಕೊಡದೆ ಉಳಿದ ಈ ಹೆಣ್ಣಿನ ಕಥೆಯನ್ನೂ ಇಟ್ಟಿದ್ದರೆ ನಮ್ಮ ಹೆಣ್ಣುಮಕ್ಕಳಿಗೆ ಎರಡೂ ಪಾಠ ಸಿಗುತ್ತಿತ್ತು. ಓದುಬರಹ ಬಾರದ ಗುಡ್ಡರು ಇದನ್ನು ಬಾಯಲ್ಲೇ ಉಳಿಸಿಕೊಂಡು ಬಂದರು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಅದನ್ನು ಬೀಸಿ ಬೀಸಿ ಹೊಡೆಯುತ್ತ ರಾತ್ರಿಯೆಲ್ಲ ಹಾಡಿದರು. ಪಿ.ಕೆ. ರಾಜಶೇಖರರಂಥವರು ಊರೂರು ತಿರುಗಿ ಅದನ್ನು ಬರೆದುಕೊಂಡಿದ್ದರಿಂದ ನಮಗೆ ಪುಸ್ತಕವಾಗಿಯೂ ಸಿಕ್ಕಿತು. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ.ಪ. ಮತ್ತು ಎಚ್.ಎಲ್. ನಾಗೇಗೌಡರು ಹಳ್ಳಿಯ ಹಾಡು ಪಂಡಿತರ ಪದ್ಯಕ್ಕೆ ಕಡಿಮೆಯಲ್ಲ ಎಂದು ಜೀವನವಿಡೀ ಸಾರಿದರು.

ಇನ್ನು ರ‍್ಯಾಪ್. ಇದು ಅಮೆರಿಕದಿಂದ ಬಂದ ಹುಚ್ಚು ಎಂದು ಮೂಗು ಮುರಿಯುವವರಿದ್ದಾರೆ. ಅದರ ಬೇರು ಹುಡುಕಿದರೆ ಅಲ್ಲಿಯೂ ಬಡವರ ಬೀದಿಯೇ ಸಿಗುತ್ತದೆ. ವೆಸ್ಟ್ ಇಂಡೀಸ್‌ನ ಜಮೈಕಾ ದ್ವೀಪದ ಕಿಂಗ್‌ಸ್ಟನ್ ಊರಿನಲ್ಲಿ 1950ರ ದಶಕದಿಂದ ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನು ಬೀದಿಗೆ ತಂದು ರೆಕಾರ್ಡು ಹಾಕಿ ಕುಣಿಸುತ್ತಿದ್ದರು. ಅದರ ಮೇಲೆ ಒಬ್ಬ ತಾಳಕ್ಕೆ ತಕ್ಕಂತೆ ಮಾತು ಕಟ್ಟಿ ಹೇಳುತ್ತಿದ್ದ. ಇದರಿಂದಲೇ ಎಪ್ಪತ್ತರ ದಶಕದ ಕೊನೆಗೆ ಡ್ಯಾನ್ಸ್‌ಹಾಲ್ ಎಂಬ ಸಂಗೀತ ಬೆಳೆಯಿತು. ಅದೇ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ವಲಸೆ ಹೋದ ಕೂಲ್ ಹರ್ಕ್ ಎಂಬ ಹುಡುಗ 1973ರ ಆಗಸ್ಟ್ 11ರಂದು ರೆಕಾರ್ಡು ಹಾಕಿ ನಡೆಸಿದ ಕೂಟವನ್ನು ಹಿಪ್‌ಹಾಪ್‌ನ ಹುಟ್ಟುಹಬ್ಬ ಎಂದು ಹೇಳುತ್ತಾರೆ. ಆ ಕೂಟ ಏರ್ಪಡಿಸಿದ್ದು ಅವನ ತಂಗಿ ಸಿಂಡಿ. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ಅವಳಿಗೆ ನಾಲ್ಕು ಕಾಸು ಬೇಕಿತ್ತು!

ಅದೇ ಕಡಲಿನ ಟ್ರಿನಿಡಾಡ್ ದ್ವೀಪದ ಕಥೆ ನಮಗೆ ಇನ್ನೂ ಹತ್ತಿರದ್ದು. 1845ರ ಮೇ 30ರಂದು ಮೊದಲ ಹಡಗು ನಮ್ಮ ದೇಶದ ಕೂಲಿಗಳನ್ನು ಅಲ್ಲಿಯ ಕಬ್ಬಿನ ತೋಟಗಳಿಗೆ ಇಳಿಸಿತು. ಕಬ್ಬಿನ ಗದ್ದೆಯ ದುಡಿಮೆ ಎಂಥದೆಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚಿನವರು ಭೋಜಪುರಿ ಮಾತಾಡುವ ಜನ. ಅವರ ಹೆಂಗಸರು ಮದುವೆಯ ಮುಂಚಿನ ದಿನಗಳಲ್ಲಿ ಗಂಡಸರನ್ನು ದೂರವಿಟ್ಟು ತಾವೇ ಹಾಡಿ, ಕುಣಿದು, ತಮಾಷೆ ಮಾಡುತ್ತಿದ್ದರು. ನಮ್ಮಲ್ಲಿ ಸೋಬಾನೆ ಹೇಳುವವರು ಬೀಗರನ್ನು ಗೇಲಿ ಮಾಡುತ್ತಿದ್ದಂತೆ. ಆ ಹಾಡುಗಳು ಮುಂದೆ ವೇದಿಕೆಗೆ ಬಂದು ‘ಚಟ್ನಿ’ ಸಂಗೀತವಾದವು. 1980ರ ದಶಕದ ಕೊನೆಯಲ್ಲಿ ದ್ರೌಪತಿ ರಾಮ್‌ಗೂನಾಯ್ ಎಂಬ ಗಾಯಕಿ ಅದಕ್ಕೆ ದ್ವೀಪದ ಸೋಕಾ ತಾಳ ಬೆರೆಸಿ ಎಲ್ಲರೆದುರು ಹಾಡಿದಾಗ, ಹಿಂದೂ ಹೆಣ್ಣು ಹೀಗೆ ಹಾಡಬಹುದೇ ಎಂದು ಹಿರಿಯರು ಗದರಿದರು. ಆಕೆ ಹಾಡುವುದನ್ನು ಬಿಡಲಿಲ್ಲ.

ಎರಡೂ ಕಡೆ ಜಗಳ ಒಂದೇ ತರಹ ಕಂಡರೂ ಒಂದು ವ್ಯತ್ಯಾಸವಿದೆ. ಅಲ್ಲಿ ಹಾಡಿದ್ದು ಹೆಣ್ಣು. ತನ್ನ ಮಾತನ್ನು ತಾನೇ ಆಡಿದಳು. ಇಲ್ಲಿ ಸಂಕಮ್ಮ ಪರರ ಬಾಯಿಗೆ ಸಿಕ್ಕಿದಳು. ಕುಣಿಸಿದವರಿಗೆ ಅವಳ ರೂಪ ಬೇಕಾಯಿತು, ಸಿಟ್ಟಾದವರಿಗೆ ಅವಳ ಮಾನ ಬೇಕಾಯಿತು. ಮಾನ ಕಾಯುತ್ತೇವೆ ಎನ್ನುವ ಮಾತನ್ನು ಕೇಳಿದಾಗ ನನಗೆ ನೀಲೇಗೌಡನ ನೆನಪಾಗದೆ ಇರಲಿಲ್ಲ. ಅವನಿಗೂ ಬೇಕಾಗಿದ್ದದ್ದು ಅದೇ ಅಲ್ಲವೆ?

ಹಾಗೆಂದು ಭಕ್ತರ ನೋವು ಸುಳ್ಳಲ್ಲ. ತಾವು ಕೈಮುಗಿಯುವ ತಾಯಿಯನ್ನು ಆಟದ ಬೊಂಬೆ ಮಾಡಿದರೆ ಯಾರಿಗಾದರೂ ನೋಯುತ್ತದೆ. ಹೊಸ ಧಾಟಿಯೂ ತಪ್ಪಲ್ಲ. ತಂಬೂರಿಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿನಿಮಾಕ್ಕೆ ದಾಟಿ ಬಂದ ಹಾಡು ರ‍್ಯಾಪಿಗೂ ದಾಟಲಿ. ದಾಟುವಾಗ ತಾಳದ ಜೊತೆ ಕಥೆಯೂ ಹೊಳೆ ದಾಟಬೇಕು, ಅಷ್ಟೆ. ಅನುಮಾನ ಪಡುವ ಗಂಡಂದಿರು ಈಗಲೂ ಇದ್ದಾರೆ. ಫೋನು ಕಸಿದು ನೋಡುತ್ತಾರೆ, ಮಕ್ಕಳ ಮೇಲೆ ಆಣೆ ಇಡು ಎನ್ನುತ್ತಾರೆ. ನಮ್ಮ ಹುಡುಗಿಯೊಬ್ಬಳು ಮೈಕು ಹಿಡಿದು, ಬೇಕಾದರೆ ರ‍್ಯಾಪಿನಲ್ಲೇ, ಸಂಕಮ್ಮ ಭಾಷೆ ಯಾಕೆ ಕೊಡಲಿಲ್ಲ ಎಂದು ಹಾಡಿದರೆ ಮಾದಪ್ಪ ಮುನಿಯಲಾರ.