1933: ಸಕ್ಕರೆ ಕಂಪನಿ ಗೊತ್ತು, ಹೆಣ್ಮಕ್ಕಳ ಕಾಯ್ದೆ?

ಮಂಡ್ಯದವರಿಗೆ 1933 ಅಂದ್ರೆ ಮೈಷುಗರ್. ಸರಿಯೇ. ಆದರೆ ಅದೇ ವರ್ಷ ಮೈಸೂರು ಸಂಸ್ಥಾನ ಇನ್ನೊಂದು ಕೆಲಸ ಮಾಡಿತ್ತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಂಗಸರಿಗೂ ಪಾಲು ಕೊಡುವ ಕಾಯ್ದೆ ತಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದಿದ್ದು ಅದಾದ ನಾಲ್ಕು ವರ್ಷಕ್ಕೆ, 1937ರಲ್ಲಿ.

ಆಗ ಮಂಡ್ಯ ಇನ್ನೂ ಜಿಲ್ಲೆ ಆಗಿರಲಿಲ್ಲ, ಅದು 1939ರ ಮಾತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಮೈಸೂರು ಜಿಲ್ಲೆಯಲ್ಲೇ ಇದ್ದವು. ಕನ್ನಂಬಾಡಿ ನೀರು ನಾಲೆಗೆ ಹರಿದು, ರಾಗಿ ಬೆಳೆಯೋ ಹೊಲ ಕಬ್ಬು, ಭತ್ತದ ಗದ್ದೆ ಆಗ್ತಿದ್ದ ಕಾಲ. ನೀರು ಬಂದ ಭೂಮಿಯ ಪಾಲು ಅಂದ್ರೆ ಸುಮ್ನೆ ಮಾತಲ್ಲ.

ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕದೆ ಬಿಡಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ. ಗಂಡುಮಕ್ಕಳಿಲ್ಲದೆ ತೀರಿಕೊಂಡ ಸಹೋದರನ ಹೆಂಡತಿಗೆ ಅವನ ಪಾಲಿನ ಅರ್ಧ. ಮದುವೆಯಾಗದ ತಂಗಿಗೆ ಅಣ್ಣನ ಪಾಲಿನ ಕಾಲು ಭಾಗ. ಬರೀ ಅನುಪಾತ ಹಿಡಿದು 13 ಎಕರೆ ಹಂಚಿ ನೋಡಿ. ಇಬ್ಬರು ಅಣ್ಣತಮ್ಮಂದಿರಿಗೆ ನಾಲ್ಕು ನಾಲ್ಕು, ತಾಯಿಗೆ ಎರಡು, ಸೊಸೆಗೆ ಎರಡು, ತಂಗಿಗೆ ಒಂದು. ಒಬ್ಬೊಬ್ಬರದು ಚಿಕ್ಕ ತುಂಡು. ಆದ್ರೆ ಮೂವರೂ ಒಟ್ಟಾಗಿ ನಿಂತರೆ ಐದು ಎಕರೆ, ಯಾವ ಅಣ್ಣನಿಗಿಂತಲೂ ಜಾಸ್ತಿ! ಕಾಯ್ದೆ ಬರೆದವರಿಗೆ ಇದು ಹೊಳೆದಿತ್ತೋ ಇಲ್ವೋ, ನಮ್ಮೂರ ಹೆಂಗಸರಿಗೆ ಹೊಳೆದಿತ್ತು.

ಮದ್ದೂರು ಕಡೆಯ ನಮ್ಮಜ್ಜಿ (ಅಮ್ಮನ ತಾಯಿ) ಹೇಳೋ ಕಥೆ ಇದು. ಅವರ ಅತ್ತೆ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನ ಕಳ್ಕೊಂಡ ಒಬ್ಬ ದೊಡ್ಡತ್ತೆ ಇದ್ರಂತೆ. ಮಕ್ಕಳಿಲ್ಲ. ತವರಿಂದ ಕರೆಯೋಕೆ ಬಂದಾಗ ಅವರ ಅತ್ತೆ, "ನಂದೂ ಅವಳ್ದೂ ಒಂದೇ ಒಲೆ, ಎಲ್ಗೂ ಕಳ್ಸಲ್ಲ" ಅಂದುಬಿಟ್ರಂತೆ. ಇಬ್ಬರ ಪಾಲೂ ಸೇರಿಸಿ ಬೇಸಾಯ. ಕಬ್ಬಿನ ದುಡ್ಡಲ್ಲಿ ನಾದಿನಿ ಮದುವೆ. ಆಮೇಲೆ ಆ ಮುದುಕಿ ಹಾಸಿಗೆ ಹಿಡಿದಾಗ ನೋಡಿಕೊಂಡಿದ್ದು ಈ ಸೊಸೆಯೇ. ನಮ್ಮಜ್ಜಿ ಸೊಸೆಯಾಗಿ ಬಂದ ಮೇಲೆ ಮೂರು ಬಾಣಂತನ ಮಾಡಿದ್ದೂ ಅವರೇ. "ಅವ್ರಿಗೆ ನಾನು ಏನೂ ಮುಯ್ಯಿ ತೀರ್ಸಿಲ್ಲ ಕಣಪ್ಪಾ" ಅಂತಾರೆ ಅಜ್ಜಿ. ಮದುವೆಗಳಲ್ಲಿ ಐದು ರೂಪಾಯಿ ಮುಯ್ಯಿಯನ್ನೂ ಪುಸ್ತಕದಲ್ಲಿ ಬರೆಸೋ ಊರು ನಮ್ಮದು, ನೆನಪಿರಲಿ.

ಕಾಯ್ದೆಯಲ್ಲಿ ದೊಡ್ಡ ತೂತೂ ಇತ್ತು. ಮದುವೆಯಾದ ಮಗಳಿಗೆ ಪಾಲಿಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 1994ರಲ್ಲಿ ಕರ್ನಾಟಕ ಹೆಣ್ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದ್ರೆ ಅದಕ್ಕೂ ಮುಂಚೆ ಮದುವೆಯಾದವರನ್ನ ಹೊರಗಿಟ್ಟಿತು. ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು! ಆ ಭೇದ ಹೋಗಿದ್ದು 2005ರ ಕೇಂದ್ರ ತಿದ್ದುಪಡಿಯಿಂದ. ತಂದೆ ಆ ಹೊತ್ತಿಗೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ.

ಒಂದು ಕೆಲಸ ಮಾಡಿ. ಮನೆಯ ಟ್ರಂಕಲ್ಲಿ 1933ರಿಂದ 1956ರ ನಡುವಿನ ಪಾಲುಪತ್ರ ಇದ್ರೆ ತೆಗೆದು ನೋಡಿ. ಅದರಲ್ಲಿ ಹೆಂಗಸರ ಹೆಬ್ಬೆಟ್ಟು ಇದ್ಯಾ? ಇದ್ರೆ, ಅದು ಪಾಲು ತಗೊಂಡಿದ್ದಕ್ಕಾ, ಬಿಟ್ಟುಕೊಟ್ಟಿದ್ದಕ್ಕಾ? ಬರೆದು ಕಳಿಸಿ, ಮುಂದಿನ ಕಂತಲ್ಲಿ ಮಳವಳ್ಳಿ ಕಡೆಯ ಪತ್ರಗಳ ಜೊತೆ ಅದನ್ನೂ ಓದೋಣ.