ಕಲ್ಲಿಗೆ ನಂಬರ್ ಹಾಕಿದ್ದರು

ನಮ್ಮಜ್ಜಿ ಕೊನೇವರೆಗೂ ಕೆಆರ್‌ಎಸ್ ಅಂದವರಲ್ಲ. ಅವರ ಬಾಯಲ್ಲಿ ಅದು ಕನ್ನಂಬಾಡಿ ಕಟ್ಟೆ. ಕಟ್ಟೆ ನುಂಗಿದ ಊರಿನ ಹೆಸರೇ ಕಟ್ಟೆಗೆ ಉಳಿದಿದೆ ಅನ್ನೋದು ನನಗೆ ಹೊಳೆದದ್ದು ಬೆಂಗಳೂರು ಸೇರಿ ಎಷ್ಟೋ ವರ್ಷದ ಮೇಲೆ.

ಆ ಊರಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ಇತ್ತು. 12ನೇ ಶತಮಾನದ್ದು. ಶ್ರೀರಂಗಪಟ್ಟಣ ಹಿಡಿಯಲು ಬಂದ ಕಾರ್ನ್‌ವಾಲಿಸ್‌ನ ದಂಡು 1791ರ ಮೇ ತಿಂಗಳಲ್ಲಿ ಕನ್ನಂಬಾಡಿವರೆಗೂ ಬಂದಿತ್ತು. ಮಳೆ, ಹಸಿವು, ರೋಗಕ್ಕೆ ಸೋತು, ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ವಾಪಸ್ ಹೋಯ್ತು. 1799ರಲ್ಲಿ ಪಟ್ಟಣವೇ ಬಿತ್ತು. ಗುಡಿ ಬೀಳಲಿಲ್ಲ.

ಅದನ್ನು ಮುಳುಗಿಸಿದ್ದು ಶತ್ರುಗಳಲ್ಲ, ನಮ್ಮ ಮನೆ ಗೋಡೆಯಲ್ಲಿ ದೇವರ ಪಕ್ಕ ಫೋಟೊ ಆಗಿರೋ ವಿಶ್ವೇಶ್ವರಯ್ಯ ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರು. 1911ರಲ್ಲಿ ಕೆಲಸ ಶುರುವಾಯ್ತು. ಮದ್ರಾಸಿನ ತಕರಾರು 1924ರ ಒಪ್ಪಂದದವರೆಗೂ ಎಳೀತು. ಊರಿನವರು ಮೇಲೆ ಹೊಸ ಕನ್ನಂಬಾಡಿಗೆ ಹೋದರು, ವಿಗ್ರಹವನ್ನೂ ಒಯ್ದರು. ಗುಡಿ ಮಾತ್ರ ನೀರಲ್ಲಿ ಉಳೀತು. ಮಂಡ್ಯದ ಗದ್ದೆ, ಕಬ್ಬು, ನನ್ನ ಬಿಇ ಫೀಸು ಎಲ್ಲ ಆ ನೀರಿನದೇ. ಆದ್ದರಿಂದ ಕಟ್ಟೆಯನ್ನು ಬೈಯೋ ಯೋಗ್ಯತೆ ನನಗಿಲ್ಲ.

ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಗುಡಿ ಮೇಲೇಳುತ್ತಿತ್ತು. ಹೂಳು ತುಂಬಿದ್ದರೂ ಕಂಬಗಳು ನಿಂತೇ ಇದ್ದವು. 2000ದ ನಂತರ ಖೋಡೆ ಪ್ರತಿಷ್ಠಾನ ಅದನ್ನು ಬಿಚ್ಚಿ ದಂಡೆಗೆ ತರಲು ಹೊರಟಿತು. (ಹೌದು, ಅದೇ ಪೀಟರ್ ಸ್ಕಾಟ್ ಖೋಡೆಯವರು. ಗೋಪಾಲನಿಗೆ ಅಭ್ಯಂತರ ಇದ್ದಂತಿಲ್ಲ.) ಸಾವಿರಾರು ಫೋಟೊ ತೆಗೆದು, ಪ್ರತಿ ಕಲ್ಲಿಗೂ ನಂಬರ್ ಹಾಕಿ, ಬಿಚ್ಚಿ, ಹೊಸ ಕನ್ನಂಬಾಡಿಯ ಹತ್ತಿರ ಮತ್ತೆ ಜೋಡಿಸಿದರು. ಸರ್ವರ್ ಮೈಗ್ರೇಷನ್ ಮಾಡಿದವರಿಗೆ ಗೊತ್ತಿರುತ್ತೆ, ಇಷ್ಟು ಶಿಸ್ತು ನಮ್ಮಲ್ಲೂ ಇರಲ್ಲ.

ಹೋದವರು ಕೆಲವರು ಮೂಗು ಮುರೀತಾರೆ: ತೀರಾ ಹೊಸದಾಗಿ ಹೊಳೆಯುತ್ತೆ, ಹಳೇದು ಅನ್ನಿಸಲ್ಲ ಅಂತ. ಮೊದಲು ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಕಂಬ ಮುಟ್ಟಿದೆ. ಎಪ್ಪತ್ತು ವರ್ಷ ನೀರು ಕುಡಿದ ಕಲ್ಲು ಅದು. ಮುಳುಗಿದ ಮನೆಗಳಿಗೆ ಈ ಭಾಗ್ಯ ಇರಲಿಲ್ಲ, ಅವುಗಳಿಗೆ ನಂಬರ್ ಹಾಕಿ ಮೇಲೆ ತಂದವರಿಲ್ಲ.

ವೀಕೆಂಡಲ್ಲಿ ಹೋದರೆ ಸೆಲ್ಫಿ ಜನ ಜಾಸ್ತಿ. ವಾರದ ಮಧ್ಯೆ ಹೋಗಿ, ಗುಡಿ ನೋಡಿದ ಮೇಲೆ ಹಿನ್ನೀರಿನ ಕಡೆಗೂ ಒಂದು ಸಲ ನೋಡಿ. ಹಳೇ ಊರು ಅಲ್ಲೇ ಕೆಳಗಿದೆ.