ಗೋಡೆಯಿಲ್ಲದ ಸೆರೆಮನೆ

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೆ ಎಂದು ತಿಳಿಯಲು ತಿಪಟೂರಿನ ಕಡೆಯವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ನೀರು ಇಂಗಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು ಸದ್ದು ಮಾಡಿದರೆ ಹದವಾಯಿತೆಂದು ಅರ್ಥ. ಕಡಲಿಗೆ ಇಷ್ಟು ದೂರವಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಕಣ್ಣು ಹಾಯುವಷ್ಟು ದೂರವೂ ತೆಂಗು. ಹೀಗಿರುವಾಗ, ಸುತ್ತಲೂ ಕಡಲಿರುವ ದ್ವೀಪವೊಂದರಲ್ಲಿ ತೆಂಗೇ ಇರಲಿಲ್ಲವೆಂದರೆ ನಮ್ಮವರು ನಂಬಿಯಾರೆ? ಆದರೂ ಇದು ನಿಜ. ನಿಕೋಬಾರಿನಲ್ಲೂ ಕೋಕೋ ದ್ವೀಪಗಳಲ್ಲೂ ಹೇರಳವಾಗಿದ್ದ ತೆಂಗು, ಅವೆರಡರ ನಡುವಣ ಅಂಡಮಾನಿನಲ್ಲಿ ಬ್ರಿಟಿಷರು ಕೈದಿಗಳನ್ನು ತಂದು ಇಳಿಸುವವರೆಗೆ ಇರಲಿಲ್ಲವೆಂದೇ ಹೇಳಬೇಕು. 1858ರಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಓಡಿದವರು ಹೊಕ್ಕದ್ದು ಇಂಥ ಕಾಡನ್ನು.

ಅದು 1857ರ ದಂಗೆಯನ್ನು ಅಡಗಿಸುತ್ತಿದ್ದ ಕಾಲ. ನಮ್ಮ ನಾಡಿನಲ್ಲಿಯೂ ಹಲಗಲಿ, ಸುರಪುರ, ನರಗುಂದಗಳಲ್ಲಿ ಬೆಂಕಿ ಹೊತ್ತಿತ್ತು. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನ್ 12ರಂದು. ಉತ್ತರ ಹಿಂದೂಸ್ಥಾನದಲ್ಲಂತೂ ಎಷ್ಟೋ ಸೆರೆಮನೆಗಳನ್ನು ದಂಗೆಯವರು ಒಡೆದುಹಾಕಿದ್ದರು. ಸೆರೆಸಿಕ್ಕ ಸಿಪಾಯಿಗಳನ್ನು ಎಲ್ಲಿಡುವುದು? ಸರ್ಕಾರಕ್ಕೆ ತೋಚಿದ್ದು ಕರಿನೀರು. ಆ ವರ್ಷದ ಮಾರ್ಚ್ 10ರಂದು ಡಾಕ್ಟರ್ ಜೇಮ್ಸ್ ಪ್ಯಾಟಿಸನ್ ವಾಕರ್ ಎಂಬ ಅಧಿಕಾರಿ 200 ಮಂದಿ ಕೈದಿಗಳೊಡನೆ ಅಂಡಮಾನಿನಲ್ಲಿ ಇಳಿದನು. ಹಿಂದೆ ಆಗ್ರಾ ಸೆರೆಮನೆಯ ಸೂಪರಿಂಟೆಂಡೆಂಟನಾಗಿದ್ದವನು ಅವನು.

ಸೆರೆಮನೆ ಎಂದೆವು, ಆದರೆ ಅಲ್ಲಿ ಗೋಡೆಯಿರಲಿಲ್ಲ, ಬಾಗಿಲಿರಲಿಲ್ಲ, ಕೈದಿಗಳ ತಲೆಯ ಮೇಲೆ ಒಂದು ಸೂರೂ ಇರಲಿಲ್ಲ. ಚಾಥಮ್ ಮತ್ತು ರಾಸ್ ಎಂಬ ಪುಟ್ಟ ದ್ವೀಪಗಳ ದಟ್ಟಕಾಡನ್ನು ಕಡಿದು ನೆಲ ಮಾಡುವುದೇ ಅವರ ಮೊದಲ ಕೆಲಸ. ಕಡಲೇ ಗೋಡೆ, ಕಾಡೇ ಕಾವಲು. ಕೆಲವೇ ದಿನಗಳಲ್ಲಿ ನಾರಾಯಣನೆಂಬ ಕೈದಿ ಚಾಥಮ್ ದ್ವೀಪದಿಂದ ಈಜಿ ಹೋಗಲು ನೋಡಿ ಸಿಕ್ಕಿಬಿದ್ದ, ಅವನನ್ನು ಗಲ್ಲಿಗೇರಿಸಿದರು.

ಅಷ್ಟಕ್ಕೆ ಉಳಿದವರು ಹೆದರಲಿಲ್ಲ. ಎದುರಿಗೆ ಕಾಣುವ ದೊಡ್ಡ ದಡ ಬರ್ಮಾದೇಶಕ್ಕೆ ಸೇರಿದ ನೆಲ. ಹತ್ತು ದಿನ ನಡೆದರೆ ಅಲ್ಲಿಯ ರಾಜನ ಪಟ್ಟಣ. ಅವನು ತಮ್ಮನ್ನು ಚಾಕರಿಗೆ ಇಟ್ಟುಕೊಳ್ಳುತ್ತಾನೆ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿತ್ತು. ಏಪ್ರಿಲ್ 23ರಂದು ರಾಸ್ ದ್ವೀಪದಿಂದ ದೊಡ್ಡದೊಂದು ಗುಂಪು ತೆಪ್ಪಗಳನ್ನು ಕಟ್ಟಿಕೊಂಡು ಪಾರಾಯಿತು. ಬರ್ಮಾ ಇದ್ದದ್ದು ಉತ್ತರಕ್ಕೆ, ಮತ್ತೆ ಕಡಲಿನ ಆಚೆ. ಅವರು ಹೊಕ್ಕ ಕಾಡಿನಲ್ಲಿ ದಾರಿಯಿರಲಿಲ್ಲ, ಹೊಲವಿರಲಿಲ್ಲ, ಹಸಿದವನು ಗುರುತಿಸಿ ತಿನ್ನಬಹುದಾದ ತೆಂಗಿನಕಾಯಿಯೂ ಇರಲಿಲ್ಲ. ಇದ್ದವರು ಆ ನೆಲದ ಮೂಲನಿವಾಸಿಗಳು. ತಮ್ಮ ಮರಗಳನ್ನು ಕಡಿಯಲು ಬಂದ ಪರಕೀಯರಲ್ಲಿ ಒಡೆಯ ಯಾರು, ಕೈದಿ ಯಾರು ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಅವರ ಬಾಣಗಳು ಭೇದವೆಣಿಸಲಿಲ್ಲ.

ಬದುಕಿ ಉಳಿದವರಲ್ಲಿ ಅನೇಕರು ಹಸಿವು, ಗಾಯಗಳಿಂದ ಕಂಗೆಟ್ಟು ತಾವಾಗಿಯೇ ಹಿಂದಿರುಗಿದರು, ಕೆಲವರು ಸಿಕ್ಕಿಬಿದ್ದರು. ವಾಕರನು ತಾನೇ ವಿಚಾರಣೆ ನಡೆಸಿದನು, ತಾನೇ ತೀರ್ಪಿತ್ತನು. ಒಂದೇ ದಿನ 86 ಮಂದಿಯನ್ನು ನೇಣಿಗೆ ಹಾಕಿಸಿದನು.

ಮೊದಲ ಮೂರು ತಿಂಗಳ ಲೆಕ್ಕ ಉಳಿದುಬಂದಿದೆ. ಜೂನ್ 16ರವರೆಗೆ ಬಂದ ಕೈದಿಗಳು 773. ಆಸ್ಪತ್ರೆಯಲ್ಲಿ ಸತ್ತವರು 64, ಓಡಿಹೋಗಿ ಮತ್ತೆ ಕಾಣದವರು 140, ಆತ್ಮಹತ್ಯೆ ಮಾಡಿಕೊಂಡವನು ಒಬ್ಬ, ಓಡಿಹೋದ ತಪ್ಪಿಗೆ ಗಲ್ಲಿಗೇರಿದವರು 87, ಉಳಿದವರು 481. ಕೂಡಿ ಕಳೆದು ನೋಡಿದರೆ ಲೆಕ್ಕ ಒಂದು ಅಂಕಿಯೂ ತಪ್ಪಿಲ್ಲ. ನ್ಯಾಯ ಮಾತ್ರ ತಪ್ಪಿತ್ತು. ಕಾಡಿನಿಂದ ಹಿಂದಿರುಗಿ ಬಂದವನ ಒಣಗಿದ ಮೈಯೇ ಉಳಿದ ಕೈದಿಗಳಿಗೆ ಸಾಕಷ್ಟು ಎಚ್ಚರಿಕೆಯಾಗಿತ್ತು. ಅವನನ್ನು ಕೊಂದು ವಾಕರನು ಸಾಧಿಸಿದ್ದೇನು? ಕಲ್ಕತ್ತೆಯ ಸರ್ಕಾರವೂ ಇದನ್ನು ಮೆಚ್ಚಲಿಲ್ಲ. ಓಡಿಹೋದ ಮಾತ್ರಕ್ಕೆ ಇನ್ನು ಯಾರನ್ನೂ ಗಲ್ಲಿಗೇರಿಸಕೂಡದೆಂದು ಆಜ್ಞೆಮಾಡಿತು. ಆಜ್ಞೆ ಬರುವ ವೇಳೆಗೆ ನೇಣಿನ ಕೆಲಸ ಮುಗಿದಿತ್ತು. ವಾಕರನು 1859ರ ಅಕ್ಟೋಬರಿನವರೆಗೂ ಅದೇ ಅಧಿಕಾರದಲ್ಲಿದ್ದನು.

ಏಪ್ರಿಲ್ 23ರಂದು ಓಡಿದವರಲ್ಲಿ ದೂಧನಾಥ ತಿವಾರಿ ಎಂಬ ಸಿಪಾಯಿಯೂ ಇದ್ದನು. ಬಾಣ ತಾಗಿ ಬಿದ್ದ ಅವನನ್ನು ಕಾಡಿನವರು ಕೊಲ್ಲದೆ ಉಳಿಸಿಕೊಂಡರು, ಗಾಯಕ್ಕೆ ಆರೈಕೆ ಮಾಡಿದರು, ತಮ್ಮವಳೊಬ್ಬಳನ್ನು ಕೊಟ್ಟು ಮದುವೆಯನ್ನೂ ಮಾಡಿದರು. ಒಂದು ವರ್ಷ ಅವರ ಅನ್ನವುಂಡ ದೂಧನಾಥ 1859ರ ಮೇ ತಿಂಗಳಲ್ಲಿ, ಅವರು ಆಬರ್ಡೀನ್ ಎಂಬಲ್ಲಿ ದಾಳಿ ಮಾಡಲಿದ್ದಾರೆಂಬ ಸುದ್ದಿಯನ್ನು ಬ್ರಿಟಿಷರಿಗೆ ಮುಟ್ಟಿಸಿದನು. ಬಿಲ್ಲುಬಾಣಗಳು ತುಪಾಕಿಗಳಿಗೆ ಎದುರಾದರೆ ಆಗುವುದೇನೆಂದು ಹೇಳಬೇಕಾಗಿಲ್ಲ. ದೂಧನಾಥನಿಗೆ 1860ರಲ್ಲಿ ಕ್ಷಮಾದಾನ ದೊರೆಯಿತು. ಹಸಿದು ಹಿಂದಿರುಗಿದವರಿಗೆ ನೇಣು, ಆಶ್ರಯವಿತ್ತವರ ಗುಟ್ಟು ಹೇಳಿದವನಿಗೆ ಬಿಡುಗಡೆ! ಹೆಂಡತಿಯ ಬಳಗದ ಪಾಲಿಗೆ ಉಳಿದದ್ದು ಸೋಲು ಮತ್ತು ಸಾವು.

ಮುಂದೆ ಕೈದಿಗಳ ಕೈಯಿಂದಲೇ ಅಂಡಮಾನಿನಲ್ಲಿ ತೆಂಗಿನ ತೋಟಗಳೆದ್ದವು. 1906ರಲ್ಲಿ ಪೂರ್ತಿಯಾದ ಸೆಲ್ಯುಲರ್ ಜೈಲಿನಲ್ಲಿ ರಾಜಕೀಯ ಕೈದಿಗಳನ್ನು ಎತ್ತಿನ ಬದಲು ಗಾಣಕ್ಕೆ ಹೂಡಿ, ದಿನಕ್ಕೆ 30 ಪೌಂಡು ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು. ಕಾಯಿಯ ಸಿಪ್ಪೆ ಬಡಿದು ನಾರು ಬಿಡಿಸುವುದೂ ಶಿಕ್ಷೆಯೇ. ನಮ್ಮ ಕಡೆ ಮನೆ ತುಂಬಿಸುವ ಕಸುಬು ಅಲ್ಲಿ ಮೈ ಮುರಿಯುವ ದಂಡನೆಯಾಯಿತು.

2018ರಲ್ಲಿ ರಾಸ್ ದ್ವೀಪಕ್ಕೆ ನೇತಾಜಿಯ ಹೆಸರನ್ನಿಟ್ಟರು. ಪ್ರವಾಸಿಗಳು ಅಲ್ಲಿಯ ಹಾಳುಕಟ್ಟಡಗಳ ನಡುವೆ, ತೆಂಗಿನ ನೆರಳಿನಲ್ಲಿ ಅಡ್ಡಾಡಿ ಬರುತ್ತಾರೆ. ನಮ್ಮ ತಾಲ್ಲೂಕುಗಳಿಂದ ಹೋದವರು ಆ ಮರಗಳನ್ನು ಕಂಡು ಊರನ್ನು ನೆನೆದಾರು. 1858ರಲ್ಲಿ ಆ ನೆರಳು ಅಲ್ಲಿರಲಿಲ್ಲವೆಂಬುದನ್ನೂ ಒಂದು ಗಳಿಗೆ ನೆನೆದರೆ ಒಳ್ಳೆಯದು.